ಮಾಮಾನ ಅಡತ್ ಅಂಗಡ್ಯಾಗ ಗ್ರಬ್ ರೆಸ್ಕ್ಯೂ

“ಅಳಿಯಾ, ಬ್ರಾಕೆಟ್ ಹೊಡಿ ಅಂದಿ, ಹೊಡದೆ, ಒಂಬತ್ತು ಬಂತು.”

“ಶಿಫ್ಟ್ ಒತ್ತಿ ಹಿಡೀರಿ ಮಾಮಾ, ಹಿಡ್ಕೊಂಡೇ ಒಂಬತ್ತು ಹೊಡೀರಿ.”

ಜನವರಿ ತಿಂಗಳು, ಕಲಬುರಗಿ ನೆಹರು ಗಂಜ್‌ನ್ಯಾಗ ತೊಗರಿ ಸೀಸನ್, ಮಾಮಾನ ಅಡತ್ (ದಲ್ಲಾಳಿ) ಅಂಗಡಿ ಮುಂದ ರೈತರು ಮಾಲಿನ ಲೆಕ್ಕದ ಪಟ್ಟಿ ಸಲುವಾಗಿ ಕುಂತಾರ, ಕಂಪ್ಯೂಟರ್ ಮಾತ್ರ ಕರೀ ಸ್ಕ್ರೀನ್ ತೋರಿಸ್ಲಕತ್ತದ. ನಾ ಅತ್ಲಾಗ ಬೀದರ್‌ದಾಗ ಮದುವಿ ಊಟಕ್ಕ ಕುಂತೀನಿ, ಹೋಳಿಗಿ ಈಗ ಬಡಸ್ಯಾರ, ಒಂದ್ ಕೈಯಾಗ ಫೋನು. ಮಾಮಾ ಓದಿ ಹೇಳಿದ್ರು: ಎರರ್, ನೋ ಸಚ್ ಪಾರ್ಟಿಷನ್, ಅಂದ್ರ ಡಿಸ್ಕಿನ ಆ ಭಾಗ ಇಲ್ಲ ಅಂತ. ಅದರ ಕೆಳಗ ಗ್ರಬ್ ರೆಸ್ಕ್ಯೂ. “ರೆಸ್ಕ್ಯೂ ಅಂತ ಬರದದಲ್ಲೋ, ಯಾರರೇ ಬರ್ತಾರೇನು?”

ಯಾರೂ ಬರಲ್ಲ. ಗ್ರಬ್ ಅಂದ್ರ ಬೂಟ್‌ಲೋಡರ್, ಮಶೀನ್ ಚಾಲೂ ಆದ ಕೂಡ್ಲೇ ಯಾವ ಓಎಸ್ (ವಿಂಡೋಸ್‌ದಂಥ ಮೂಲ ಸಾಫ್ಟ್‌ವೇರು) ಬೇಕಂತ ಮೆನು ತೋರಿಸಿ ಎಬ್ಬಿಸೋ ಪ್ರೋಗ್ರಾಮು; ತನ್ನ ಫೈಲು ಸಿಗಲಿಲ್ಲಂದ್ರ ಹಿಂಗ ರೆಸ್ಕ್ಯೂ ಅಂತ ನಿಂತುಬಿಡ್ತದ. ಬಾಜೂ ರಿಪೇರಿ ಅಂಗಡ್ಯಾವ ಬಂದು ನೋಡಿ ಹಾರ್ಡ್‌ಡಿಸ್ಕ್ ಹೋಗ್ಯದ ಫಾರ್ಮ್ಯಾಟ್ ಹೊಡೀಬೇಕು ಅಂದು ಹೋಗಿದ್ದ. ಫಾರ್ಮ್ಯಾಟ್ ಅನ್ನೋ ಮಾತು ಕೇಳಿ ನನಗ ಹೋಳಿಗಿ ಇಳೀಲಿಲ್ಲ, ಯಾಕಂದ್ರ ಎಷ್ಟೋ ವರ್ಷದ ಲೆಕ್ಕ ಎಲ್ಲಾ ಅದರಾಗೇ ಅದ.

ಮೊದಲು ಹಿಂದಿನ ಕಥಿ ಹೇಳ್ತೀನಿ. ಮಾಮಾನ ಮಶೀನ್ ಒಳಗ ವಿಂಡೋಸ್ 7. ಮೈಕ್ರೋಸಾಫ್ಟ್‌ನವರು 2020ರ ಜನವರಿಗೇ ಅದರ ಸಪೋರ್ಟ್ ಬಂದ್ ಮಾಡ್ಯಾರ, ಕ್ರೋಮ್ ಸೈತ 109ನೇ ವರ್ಶನ್‌ಗೇ ನಿಂತದ, ಬ್ಯಾಂಕಿನ ಸೈಟ್ ತೆರದ್ರ ಬ್ರೌಸರ್ ಅಪ್ಡೇಟ್ ಮಾಡ್ರಿ ಅಂತದ. ಆದ್ರ ಪಟ್ಟಿ ಹೊಡಿಯೋ ಸಾಫ್ಟ್‌ವೇರು, ಆ ಟರ್‌ಟರ್ ಅನ್ನೋ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು, ಎರಡೂ 7ರ ಮ್ಯಾಲೇ ನಡೀತಾವ. ಅದಕ್ಕ ದೀಪಾವಳಿ ಟೈಮಿಗೆ ನಾ 7 ಅನ್ನ ಹಂಗೇ ಬಿಟ್ಟು ಬಾಜೂಕ ಲಿನಕ್ಸ್ ಮಿಂಟ್ ಅನ್ನೋ ಇನ್ನೊಂದು ಓಎಸ್ ಹಾಕಿದ್ದೆ, ಬ್ಯಾಂಕ್ ಕೆಲಸ ಅದರಾಗ ಮಾಡ್ರಿ ಅಂತ.

ಹಾಕೋವಾಗೇ ಒಮ್ಮೆ ಬಿದ್ದಿದ್ದೆ ಖರೆ. ಇನ್‌ಸ್ಟಾಲ್ ಪೂರಾ ಆತು, ರೀಸ್ಟಾರ್ಟ್ ಮಾಡ್ದೆ, ಸೀದಾ ವಿಂಡೋಸ್ ಬಂತು, ಗ್ರಬ್ ಮೆನು ಪತ್ತಾನೇ ಇಲ್ಲ. ಎಫ್12 ಒತ್ತಿ ಯುಇಎಫ್‌ಐ ಅಂತ ಇದ್ದದ್ದು ಆರಿಸಿದ್ರ ಮಿಂಟ್ ಬರ್ತದ, ಅಲ್ಲಿ ನೋಡಿದ್ರ ವಿಂಡೋಸ್ ಹೆಸರಿಲ್ಲ! ತಪ್ಪು ನಂದೇ. ಮಶೀನ್ ಏಳೋದು ಎರಡು ತರ: ಹಳೇದು ಲೆಗಸಿ, ಅಂದ್ರ ಬಯೋಸ್ ಮೋಡ್; ಹೊಸದು ಯುಇಎಫ್‌ಐ. ಆ ಕಾಲದ ಮಶೀನ್‌ದಾಗ ಮಿಂಟ್ ಹಾಕೋ ಒಂದೇ ಪೆನ್‌ಡ್ರೈವ್ ಬೂಟ್ ಮೆನುದಾಗ ಎರಡು ಸಲ ಕಾಣ್ತದ, ಒಂದರ ಮುಂದ ಯುಇಎಫ್‌ಐ ಅಂತ ಇರ್ತದ, ಇನ್ನೊಂದು ಬರೇ ಹೆಸರು. ಹಳೇ ವಿಂಡೋಸು ಲೆಗಸಿ ಮೋಡ್‌ದಾಗ ಎಂಬಿಆರ್ (ಹಳೇ ಪದ್ಧತಿಲೆ ಭಾಗ ಮಾಡಿದ) ಡಿಸ್ಕ್ ಮ್ಯಾಲ ಕುಂತಿತ್ತು, ನಾ ಯುಇಎಫ್‌ಐದಾಗ ಪೆನ್‌ಡ್ರೈವ್ ಎಬ್ಬಿಸಿದ್ದೆ. ಇನ್‌ಸ್ಟಾಲರ್ ಪಾಪ ಕೇಳಿತ್ತು, ಹಳೇ ಓಎಸ್ ಬಯೋಸ್ ಮೋಡ್‌ದಾಗ ಇದ್ದಂಗ ಕಾಣ್ತದ, ಜುಲುಮಿಲೆ ಯುಇಎಫ್‌ಐದಾಗೇ ಹಾಕ್ಲೇನು ಅಂತ. ಆ ಡಬ್ಬಿ ಓದದೇ ಕಂಟಿನ್ಯೂ ಹೊಡದಿದ್ದೆ. ಯುಇಎಫ್‌ಐದಾಗ ಎದ್ದ ಗ್ರಬ್ಬಿಗೆ ಲೆಗಸಿ ವಿಂಡೋಸ್ ಎಬ್ಬಿಸ್ಲಿಕ್ಕ ಬರಂಗಿಲ್ಲ, ಮೆನು ಹೊಸದಾಗಿ ಬರಿಯೋ ಅಪ್ಡೇಟ್ ಗ್ರಬ್ ಆಜ್ಞೆ ನೀವು ನೂರು ಸಲ ಹೊಡೀರಿ. ಇಬ್ರೂ ಒಂದೇ ಮೋಡ್‌ದಾಗ ಇರ್ಬೇಕು. ಯಾವ ಮೋಡ್‌ದಾಗ ಎದ್ದೀರಿ ಅಂತ ಪೆನ್‌ಡ್ರೈವ್ ಮ್ಯಾಲಿಂದ ನಡಿಯೋ ಲೈವ್ ಮಿಂಟ್‌ದಾಗೇ ಗೊತ್ತು ಮಾಡ್ಕೋಬಹುದು, ಸಿಸ್ ಫೋಲ್ಡರ್ ಒಳಗ ಫರ್ಮ್‌ವೇರ್, ಅದರ ಒಳಗ ಇಎಫ್‌ಐ ಅಂತ ಫೋಲ್ಡರ್ ಇದ್ರ ಯುಇಎಫ್‌ಐ, ಇಲ್ಲಂದ್ರ ಲೆಗಸಿ.

ಎಲ್ಲಾ ಅಳಿಸಿ ಲೆಗಸಿದಾಗ ಮತ್ತ ಹಾಕ್ದೆ. ಈ ಸಲ ಕೆಳಗ ಬೂಟ್‌ಲೋಡರ್ ಎಲ್ಲಿ ಹಾಕ್ಲಿ ಅಂತ ಕೇಳೋ ಜಾಗ ಸೈತ ನೋಡ್ಕೊಂಡೆ, ಒಮ್ಮೊಮ್ಮೆ ಪೆನ್‌ಡ್ರೈವೇ ಎಸ್‌ಡಿಎ (ಲಿನಕ್ಸ್ ಮೊದಲನೇ ಡಿಸ್ಕಿಗೆ ಇಡೋ ಹೆಸರು) ಆಗಿ ಕುಂತಿರ್ತದ, ಗ್ರಬ್ ಅದರಾಗ ಹೋಗಿ ಕುಂತ್ರ ಪೆನ್‌ಡ್ರೈವ್ ಕಿತ್ತಿದ ಮ್ಯಾಲ ಮೆನು ಬರಂಗಿಲ್ಲ. ಹೆಸರು ನೋಡಬ್ಯಾಡ್ರಿ, ಸೈಜ್ ನೋಡ್ರಿ: 500 ಜಿಬಿದು ಹಾರ್ಡ್‌ಡಿಸ್ಕು, 8 ಜಿಬಿದು ಪೆನ್‌ಡ್ರೈವು.

ಎರಡು ತಿಂಗಳು ಛಂದ ನಡೀತು. ಈಗ ಮದುವಿ ಊಟಕ್ಕ ಬರೋಣು.

“ಮಾಮಾ, ನಿನ್ನಿ ಯಾರರೇ ಏನರೇ ಮಾಡ್ಯಾರೇನ್ರಿ?” ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮ್ಯಾಲ ಹಿಂದಿನಿಂದ ಅವರ ಮಗನ ದನಿ ಬಂತು, ಡಿ ಡ್ರೈವ್ ಖಾಲಿ ಇತ್ತಣ್ಣ, ಅಳಿಸಿ ಸಿ ದೊಡ್ಡದು ಮಾಡೋಣಂತ ಮಾಡ್ದೆ, ಸಿ ದೊಡ್ಡದೂ ಆಗ್ಲಿಲ್ಲ ಅಂದ.

ಅಷ್ಟೇ ಬೇಕಾಗಿತ್ತು ನನಗ. ಎಂಬಿಆರ್ ಡಿಸ್ಕ್‌ದಾಗ 1ರಿಂದ 4 ಪ್ರೈಮರಿ ನಂಬರು, ಲಾಜಿಕಲ್ ಅನ್ನೋವು 5ರಿಂದ ಸುರು. ಡಿ ಡ್ರೈವ್ 5, ಮಿಂಟ್ 6. ಐದನ್ನ ಅಳಿಸಿದ್ರ ಆರು ತಾನೇ ಐದಾಗ್ತದ. ಎಂಬಿಆರ್ ಅಂದ್ರ ಡಿಸ್ಕಿನ ಮೊದಲನೇ ತುಣುಕು, ಇಡೀ 512 ಬೈಟು, ಅದರಾಗ ಕೋಡಿಗೆ ಸಿಗೋದು 446 ಅಷ್ಟೇ, ಅದಕ್ಕ ಗ್ರಬ್ ಅಲ್ಲಿ ಒಂದ್ ತುಣುಕು ಇಟ್ಟು ಉಳಿದದ್ದು ಮೊದಲನೇ ಪಾರ್ಟಿಷನ್‌ಗಿಂತ ಮುಂಚೆ ಇರೋ ಖಾಲಿ ಜಾಗದಾಗ ಇಡ್ತದ, ಅಲ್ಲಿ ಬರಕೊಂಡಿರ್ತದ ನನ್ನ ಫೈಲು 6ರಾಗ ಅವ ಅಂತ. ಹಮಾಲನ ಕೈಯಾಗ 6ನೇ ಗೋದಾಮಿನ ಚೀಟಿ ಕೊಟ್ಟು ಕಳಿಸಿ, ಗೋದಾಮಿನ ಮ್ಯಾಲಿನ ಬೋರ್ಡ್ ಬದಲಿ ಮಾಡಿದಂಗ. ಚೀಲ ಎಲ್ಲಾ ಒಳಗೇ ಅವ, ಹಮಾಲ ಮಾತ್ರ ಬಿಸಲಾಗ ನಿಂತಾನ. ವಿಂಡೋಸಿಗೂ ಏನೂ ಆಗಿರಂಗಿಲ್ಲ, ಆದ್ರ ಬಾಗಲದಾಗ ನಿಂತವ ಗ್ರಬ್ಬು.

ರೆಸ್ಕ್ಯೂದಾಗ ಟ್ಯಾಬ್ ಒತ್ತಿದ್ರ ಪೂರಾ ಬರಂಗಿಲ್ಲ, ಒಂದೊಂದು ಅಕ್ಷರ ಕೈಲೇ ಹೊಡೀಬೇಕು. ಮೊದಲು ಎಲ್‌ಎಸ್, ಅಂದ್ರ ಏನೇನು ಅದ ತೋರ್ಸು ಅನ್ನೋ ಆಜ್ಞೆ, ಹೊಡಿಸ್ದೆ. ಎಚ್‌ಡಿ ಝೀರೋ, ಎಚ್‌ಡಿ ಝೀರೋ ಕಾಮಾ ಎಂಎಸ್‌ಡಾಸ್ 5, 2, 1 ಅಂತ ಬಂತು. 6 ಇಲ್ಲೇ ಇಲ್ಲ, ಅಂದ್ರ ನನ್ನ ಅಂದಾಜು ಖರೆ. ಎಲ್‌ಎಸ್, ಸ್ಪೇಸ್, ಬ್ರಾಕೆಟ್‌ದಾಗ ಎಚ್‌ಡಿ ಝೀರೋ ಕಾಮಾ ಎಂಎಸ್‌ಡಾಸ್ 5, ಬ್ರಾಕೆಟ್ ಬಂದ್, ಸ್ಲ್ಯಾಶ್. ಕಾಮಾ ಬದಲಿ ಫುಲ್‌ಸ್ಟಾಪ್ ಬಿತ್ತು, ಮತ್ತ ಹೊಡದ್ರು. ಬೂಟ್, ಹೋಮ್, ಇಟಿಸಿ ಅಂತ ಮಿಂಟಿನ ಫೋಲ್ಡರ್ ಹೆಸರು ಓದ್ಲಕತ್ರು ನೋಡ್ರಿ, ಅವಾಗ ನಾ ಹೋಳಿಗಿ ಮುರದೆ. ನೀವು ಹುಡುಕೋವಾಗ ವಿಂಡೋಸ್ ಪಾರ್ಟಿಷನ್ ಮ್ಯಾಲ ಹಿಂಗ ಹೊಡದ್ರ ಅನ್‌ನೋನ್ ಫೈಲ್‌ಸಿಸ್ಟಮ್ ಅಂತದ, ಅಂಜಬ್ಯಾಡ್ರಿ, ಗ್ರಬ್ಬಿಗೆ ಆ ಹೊತ್ತಿಗೆ ವಿಂಡೋಸಿನ ಎನ್‌ಟಿಎಫ್‌ಎಸ್ ಫೈಲ್‌ಸಿಸ್ಟಮ್ ಓದ್ಲಿಕ್ಕ ಬರಂಗಿಲ್ಲ, ಅಷ್ಟೇ.

ಆಮ್ಯಾಲ ಫೈಲು ಈಗ ಎಲ್ಲಿ ಅವ ಅಂತ ಗ್ರಬ್ಬಿಗೆ ಹೇಳಿ ಮೆನು ತರಿಸೋ ನಾಕು ಸಾಲು. ಸೆಟ್ ರೂಟ್ ಈಕ್ವಲ್ ಟು ಅದೇ ಬ್ರಾಕೆಟ್ಟು. ಸೆಟ್ ಪ್ರೀಫಿಕ್ಸ್ ಈಕ್ವಲ್ ಟು ಅದೇ ಬ್ರಾಕೆಟ್ಟು, ಅದಕ್ಕ ಹಚ್ಚಿ ಸ್ಲ್ಯಾಶ್ ಬೂಟ್ ಸ್ಲ್ಯಾಶ್ ಗ್ರಬ್, ಈಕ್ವಲ್ ಟು ಆಜೂಬಾಜೂ ಸ್ಪೇಸ್ ಬ್ಯಾಡ. ಇನ್ಸ್‌ಮಾಡ್ ನಾರ್ಮಲ್. ನಾರ್ಮಲ್. “ಮೆನು ಬಂತಲೇ!” ಅಂತ ಮಾಮಾ ಕೂಗಿದ್ದು ನನ್ನ ಬಾಜೂ ಕುಂತವರಿಗೂ ಕೇಳಿಸ್ತು. ವಿಂಡೋಸ್ 7 ಆರಿಸ್ರಿ, ಪಟ್ಟಿ ಹೊಡೀರಿ, ನಾ ಬರೋತನಕ ಮಶೀನ್ ಬಂದ್ ಮಾಡಬ್ಯಾಡ್ರಿ ಅಂದೆ, ಯಾಕಂದ್ರ ಇದು ಆ ಹೊತ್ತಿಂದಷ್ಟೇ, ಚೀಟಿ ಇನ್ನೂ 6 ಅಂತೇ ಅದ.

ಮೂರು ಗಂಟಿಗೆ ಕರೆಂಟ್ ಹೋಯ್ತು. ಯುಪಿಎಸ್ ಬ್ಯಾಟರಿ ಹೋಗಿ ವರ್ಷ ಆಗ್ಯದ.

ಫೋನ್ ಬರ್ತದಂತ ಕಾಯ್ದೆ, ಬರ್ಲಿಲ್ಲ. ಸಂಜಿಮುಂದ ಕಲಬುರಗಿಗೆ ಬಂದು ಸೀದಾ ಗಂಜಿಗೆ ಹೋದ್ರ ಪ್ರಿಂಟರ್ ಟರ್‌ಟರ್ ಅನ್ಲಕತ್ತದ. ಮಾಮಾ ನಾ ಹೇಳಿದ್ದು ಅಷ್ಟೂ ಒಂದು ಹಳೇ ಪಟ್ಟಿ ಹಿಂದ ಕನ್ನಡದಾಗ ಬರಕೊಂಡಿದ್ರು, ‘ಶಿಫ್ಟ್ ಹಿಡಿದು 9’ ಅಂತ ಸೈತ, ಕರೆಂಟ್ ಬಂದ ಮ್ಯಾಲ ತಾವೇ ಹೊಡದು ಎಬ್ಬಿಸ್ಯಾರ. ಮಿಂಟ್‌ದಾಗ ಹೋಗಿ ಸುಡೋ ಗ್ರಬ್ ಇನ್‌ಸ್ಟಾಲ್, ಡೆವ್ ಎಸ್‌ಡಿಎ, ಮುಂದ ನಂಬರ್ ಹಾಕದೇ ಇಡೀ ಡಿಸ್ಕಿಗೆ ಹೊಡದೆ, ಹಿಂದೇ ಅಪ್ಡೇಟ್ ಗ್ರಬ್. ಮಿಂಟ್ ತಾನೇ ವಿಂಡೋಸ್ ಹುಡುಕಿ ಮೆನುಕ್ಕ ಸೇರಿಸ್ತದ. ನನ್ನ ಲ್ಯಾಪ್‌ಟಾಪಿನ ಡೆಬಿಯನ್ 12 (ಇನ್ನೊಂದು ಲಿನಕ್ಸ್) ಹಂಗಲ್ಲ, ಗ್ರಬ್ 2.06ರಿಂದ ಬ್ಯಾರೆ ಓಎಸ್ ಹುಡುಕೋ ಓಎಸ್ ಪ್ರೋಬರ್ ಬಂದ್ ಇಟ್ಟಾರ, ಇಟಿಸಿ ಡಿಫಾಲ್ಟ್ ಒಳಗಿನ ಗ್ರಬ್ ಫೈಲ್‌ದಾಗ ‘ಡಿಸೇಬಲ್ ಓಎಸ್ ಪ್ರೋಬರ್’ ಅನ್ನೋದಕ್ಕ ಫಾಲ್ಸ್ ಕೊಡ್ಬೇಕು, ಅಂದ್ರ ಬಂದ್ ಮಾಡೋದನ್ನ ಬಂದ್ ಮಾಡು ಅಂತ, ಯಾವ ಪುಣ್ಯಾತ್ಮ ಹೆಸರಿಟ್ಟಾನೋ.

ಎರಡು ಸಲ ರೀಸ್ಟಾರ್ಟ್ ಮಾಡಿ ನೋಡ್ದೆ, ಸೀದಾ ಮೆನು ಬಂತು. ಆ ಚೀಟಿ ಹರಿಲೇನ್ರಿ ಮಾಮಾ ಅಂದೆ. ಇರ್ಲಿ ಬಿಡು ಅಂತ ಗಲ್ಲಾದಾಗ ಇಟ್ಕೊಂಡ್ರು.