ಮೊದಲು ಕಂಟ್ರೋಲ್, ಆಮೇಲೆ ಪೇಷಂಟ್

ಕಾಲೇಜಿನ ಸಂಚಿಕೆಗೆ ಲೇಖನ ಕೇಳಿ ಫೋನು ಮಾಡಿದ ಹುಡುಗಿ "ಹಾಸ್ಟೆಲಿನ ತಮಾಷೆ ಏನಾದ್ರೂ ಬರೀರಿ ಸರ್, ಎಲ್ಲರೂ ಓದ್ತಾರೆ" ಎಂದಳು. ತಮಾಷೆಗೇನೂ ಬರವಿರಲಿಲ್ಲ. ಆದರೆ ಎಂಎಲ್‌ಟಿ (ಲ್ಯಾಬ್ ಟೆಕ್ನಾಲಜಿ) ಓದಿ ಇಷ್ಟು ವರ್ಷ ಅದರಲ್ಲೇ ಅನ್ನ ಉಂಡವನಿಗೆ ಹಾಸ್ಟೆಲಿನ ಗಂಜಿಗಿಂತ ಸ್ಲೈಡಿಗೆ ಬಣ್ಣ ಹಾಕುವ ಸ್ಟೇನಿಂಗ್ ರ‍್ಯಾಕೇ ಹೆಚ್ಚು ನೆನಪಾಗುತ್ತದೆ. ಹಾಗಾಗಿ ಲ್ಯಾಬಿನ ವಿಷಯವನ್ನೇ ಬರೆಯುತ್ತೇನೆ, ಬೇಸರವಾದರೆ ಪುಟ ಮಗುಚಿ.

ನಾವು ಓದಿದ್ದು ತೊಂಬತ್ತರ ದಶಕದಲ್ಲಿ. ಆಗ ಮಂಗಳೂರು ಎಂದರೆ ಮಲೇರಿಯಾ. ಊರಿಡೀ ಕಟ್ಟಡಗಳು ಏಳುತ್ತಿದ್ದವು. ಸ್ಲ್ಯಾಬಿನ ಮೇಲೆ ಕ್ಯೂರಿಂಗಿಗೆ ನಿಲ್ಲಿಸಿದ ನೀರು, ಮುಚ್ಚಳವಿಲ್ಲದ ಟ್ಯಾಂಕು, ಅದರಲ್ಲೆಲ್ಲ ಅನಾಫಿಲಿಸ್ ಸೊಳ್ಳೆಯ ಸಂಸಾರ. ಮಳೆಗಾಲ ಹಿಡಿಯಿತೆಂದರೆ ಲ್ಯಾಬಿನ ಕಿಟಕಿಯೆದುರು ಬೆರಳು ಚುಚ್ಚಿಸಿಕೊಳ್ಳುವವರ ಸಾಲು ಮೆಟ್ಟಿಲಿಳಿದು ಗೇಟಿನವರೆಗೆ ಹೋಗುತ್ತಿತ್ತು. ಕಟ್ಟಡದ ಕೆಲಸಕ್ಕೆ ಬಂದ ಬಯಲುಸೀಮೆಯವರು, ಬಂದರಿನವರು, ನಮ್ಮ ಹಾಸ್ಟೆಲಿನವರೇ ಒಂದಿಬ್ಬರು. ಎಲ್ಲರ ಚೀಟಿಯಲ್ಲೂ ಒಂದೇ ಬರಹ: ಎಂಪಿ, ಅಂದರೆ ಮಲೇರಿಯಾ ಪ್ಯಾರಸೈಟ್.

ಪ್ಯಾರಸೈಟಾಲಜಿಯ (ಪರಾವಲಂಬಿ ಜೀವಿಗಳ ಪಾಠದ) ಸರ್ ನಮಗೆ ಮೊದಲು ಕಲಿಸಿದ್ದು ಮೈಕ್ರೋಸ್ಕೋಪು ನೋಡುವುದನ್ನಲ್ಲ, ಅದನ್ನು ಉಳಿಸಿಕೊಳ್ಳುವುದನ್ನು. ಕರಾವಳಿಯ ತೇವಕ್ಕೆ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ಒಮ್ಮೆ ಹಿಡಿದರೆ ಜೇಡರ ಬಲೆಯಂತೆ ಹಬ್ಬಿ, ಕೊನೆಗೆ ಗಾಜನ್ನೇ ತಿನ್ನುತ್ತದೆ. ಅದಕ್ಕೆ ಒಂದು ಮರದ ಕಪಾಟು, ಒಳಗೆ ಸದಾ ಉರಿಯುವ ಸಣ್ಣ ಬಲ್ಬು, ಮೂಲೆಯಲ್ಲಿ ಬಟ್ಟಲು ತುಂಬ ಸಿಲಿಕಾ ಜೆಲ್. ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದರೆ ಓವನ್ನಿನಲ್ಲಿಟ್ಟು ಒಣಗಿಸಿ ಮತ್ತೆ ನೀಲಿ ಮಾಡುವುದು ಜೂನಿಯರ್‌ಗಳ ಪಾಳಿ. ಸಂಜೆ ಬಲ್ಬು ಆರಿದ್ದು ಕಂಡರೆ ಸರ್ ಬೈಯುತ್ತಿರಲಿಲ್ಲ, "ಎಂತ ಮಾರಾಯ, ಅದಕ್ಕೆ ಚಳಿ ಆಗುವುದಿಲ್ವಾ?" ಎನ್ನುತ್ತಿದ್ದರು. ಬೈದಿದ್ದರೇ ವಾಸಿಯಿತ್ತು.

ಅವರ ಇನ್ನೊಂದು ಹಟ ಬಫರ್ ನೀರಿನದು. ಮಲೇರಿಯಾದ ಥಿನ್ ಸ್ಮಿಯರಿಗೆ, ಅಂದರೆ ಸ್ಲೈಡಿನ ಮೇಲೆ ತೆಳ್ಳಗೆ ಸವರಿದ ರಕ್ತಕ್ಕೆ, ಬಣ್ಣ ಹಾಕುವ ನೀರಿನ ಪಿಎಚ್ 7.2 ಇರಬೇಕು. ನೀರು ಆಮ್ಲೀಯವಾದರೆ ವೈವ್ಯಾಕ್ಸ್ ಎಂಬ ಜಾತಿಯ ಮಲೇರಿಯಾ ರೋಗಾಣು ಹೊಕ್ಕ ರಕ್ತಕಣದಲ್ಲಿ ಕಾಣಬೇಕಾದ ಶುಫ್ನರ್ ಚುಕ್ಕೆಗಳು ಮಾಯ. ಚುಕ್ಕೆ ಕಾಣದೆ ಜಾತಿ ತಪ್ಪಿದರೆ ಔಷಧವೂ ತಪ್ಪುತ್ತದೆ. ವೈವ್ಯಾಕ್ಸ್ ಯಕೃತ್ತಿನಲ್ಲಿ ಅಡಗಿ ಕೂರುವ ಜಾತಿ, ಅದನ್ನು ಹೊರಹಾಕಲು 14 ದಿನ ಪ್ರೈಮಾಕ್ವಿನ್ ನುಂಗಬೇಕು. ಇನ್ನೊಂದು ಜಾತಿ ಫಾಲ್ಸಿಪಾರಂ ಮಿದುಳಿಗೇ ಏರಬಹುದು. ಬೆಳಿಗ್ಗೆ ಪಿಎಚ್ ನೋಡಿ ಪುಸ್ತಕದಲ್ಲಿ ಬರೆಯದವನಿಗೆ ಆ ದಿನ ಸ್ಲೈಡೂ ಇಲ್ಲ.

ಬಯೋಕೆಮಿಸ್ಟ್ರಿಯ ಮೇಡಂ ಬೇರೆಯೇ ತೂಕದವರು. ಅವರ ಮೇಜಿನ ಹಿಂದಿನ ಗೋಡೆಯಲ್ಲಿ ಗ್ರಾಫ್ ಶೀಟುಗಳು. ಗ್ಲುಕೋಸಿಗೊಂದು, ಯೂರಿಯಾಕ್ಕೊಂದು, ಕ್ರಿಯಾಟಿನಿನ್‌ಗೊಂದು. ನಡುವೆ ಸರಾಸರಿಯ ಗೆರೆ, ಮೇಲೆ ಕೆಳಗೆ ಎರಡು ಎಸ್‌ಡಿ, ಮೂರು ಎಸ್‌ಡಿ ಗೆರೆಗಳು; ಎಸ್‌ಡಿ ಅಂದರೆ ಬೆಲೆ ಸಹಜವಾಗಿ ಎಷ್ಟು ಏರಿಳಿಯುತ್ತದೆ ಎಂಬುದರ ಅಳತೆ. 1950ರಲ್ಲಿ ಲೆವಿ ಮತ್ತು ಜೆನ್ನಿಂಗ್ಸ್ ಎಂಬಿಬ್ಬರು ಲ್ಯಾಬಿಗೆ ತಂದ ಚಾರ್ಟು ಅದು. ದಿನಾ ಬೆಳಿಗ್ಗೆ, ಬೆಲೆ ಮೊದಲೇ ಗೊತ್ತಿರುವ ಕಂಟ್ರೋಲ್ ಸೀರಮ್ ಓಡಿಸಿ ಚುಕ್ಕೆ ಇಡಬೇಕು. ಚುಕ್ಕೆ ಮೂರು ಎಸ್‌ಡಿ ದಾಟಿತೋ, ಪೇಷಂಟಿನ ಟ್ಯೂಬು ಮುಟ್ಟುವ ಹಾಗಿಲ್ಲ. ಸತತ ಹತ್ತು ಚುಕ್ಕೆ ಸರಾಸರಿಯ ಒಂದೇ ಬದಿಗೆ ಬಿದ್ದರೂ, ಗೆರೆ ದಾಟದಿದ್ದರೂ, ಏನೋ ನಿಧಾನಕ್ಕೆ ಜಾರುತ್ತಿದೆ ಎಂದರ್ಥ: ಪರೀಕ್ಷೆಯ ರಾಸಾಯನಿಕ, ಅಂದರೆ ರೀಏಜೆಂಟ್, ಹಳತಾಗಿರಬಹುದು, ಫಿಲ್ಟರ್ ಮಾಸಿರಬಹುದು. ಚುಕ್ಕೆಗಳನ್ನು ಹೀಗೆ ಓದುವ 1981ರ ವೆಸ್ಟ್‌ಗಾರ್ಡ್ ನಿಯಮಗಳನ್ನು ಪರೀಕ್ಷೆಗೆಂದು ಉರುಹೊಡೆದವರು ನಾವು. ಮೇಡಂ ಅವನ್ನು ಗೋಡೆಯ ಮೇಲೆ ಬೆರಳಿಟ್ಟು ತೋರಿಸಿದರು. ವಾರ್ಡಿನಿಂದ ಡಾಕ್ಟರು ಎಷ್ಟೇ ಅವಸರ ಮಾಡಲಿ, ಅವರ ಉತ್ತರ ಒಂದೇ: "ಮೊದಲು ಕಂಟ್ರೋಲ್, ಆಮೇಲೆ ಪೇಷಂಟ್."

ತಿಂಗಳಿಗೊಮ್ಮೆ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಿಂದ, ಲ್ಯಾಬಿನ ಗುಣಮಟ್ಟವನ್ನು ಹೊರಗಿನಿಂದ ಪರೀಕ್ಷಿಸುವ ಇಕ್ಯೂಎಎಸ್ ಬಾಟಲಿ ಬರುತ್ತಿತ್ತು. ಒಳಗೇನಿದೆ ಎಂದು ಕಳಿಸಿದವರಿಗೆ ಗೊತ್ತು, ನಮಗಿಲ್ಲ. ನಾವು ಕಳಿಸಿದ ಉತ್ತರವನ್ನು ಉಳಿದ ಲ್ಯಾಬುಗಳದರ ಪಕ್ಕದಲ್ಲಿಟ್ಟು ಅಳೆಯುತ್ತಿದ್ದರು. ಅದು ಬಂದ ದಿನ ಪಿಪೆಟ್ ಎರಡೆರಡು ಸಲ ತೊಳೆದು, ಅತ್ಯಂತ ಅನುಭವಿಯನ್ನು ಕೂರಿಸಿ, ಮೂರು ಸಲ ಓಡಿಸಿ ನಡುವಿನದನ್ನು ಬರೆಯುವ ಆಸೆ ಯಾರಿಗಿಲ್ಲ? ಮೇಡಂ ಆ ಟ್ಯೂಬಿಗೆ ಒಂದು ಸಾಮಾನ್ಯ ನಂಬರು ಅಂಟಿಸಿ ಹೊರರೋಗಿಗಳ ರ‍್ಯಾಕಿನ ನಡುವೆ ಸೇರಿಸಿಬಿಡುತ್ತಿದ್ದರು. ಆ ದಿನದ ಪಾಳಿಯವ ಯಾರೋ ಅವನದೇ ರಿಸಲ್ಟು ವೆಲ್ಲೂರಿಗೆ. ಒಂದೆರಡು ತಿಂಗಳು ನಮ್ಮ ಅಂಕ ಬಿದ್ದೂ ಇತ್ತು. ಅವರು ತಲೆ ಕೆಡಿಸಿಕೊಳ್ಳಲಿಲ್ಲ, ಬಿದ್ದದ್ದು ಯಾಕೆ ಎಂದು ಹುಡುಕಿಸಿದರು.

ಓದು ಮುಗಿದ ಮೇಲೆ ನಮ್ಮ ಬ್ಯಾಚಿನ ಮುಕ್ಕಾಲು ಪಾಲು ಗಲ್ಫಿಗೆ ಹೋಯಿತು. ನಾನು ದಾರಿ ತಪ್ಪಿ ಟಾಂಜಾನಿಯಾಕ್ಕೆ ಹೋದೆ, ದಾರ್ ಎಸ್ ಸಲಾಮಿಗೆ. ಅದೂ ಕಡಲ ತೀರ, ಅಲ್ಲೂ ಮಲೇರಿಯಾ, ಲೆನ್ಸಿಗೆ ಅದೇ ಬೂಷ್ಟು. ಆಫ್ರಿಕಾದಲ್ಲಿ ಆಗ ಎಚ್‌ಐವಿ ಚಿಕಿತ್ಸೆ ಊರೂರಿಗೆ ಹರಡುತ್ತಿತ್ತು. ಔಷಧ ಬಂತು, ಅದು ಕೆಲಸ ಮಾಡುತ್ತಿದೆಯೇ ಎಂದು ಹೇಳಬೇಕಾದ ಲ್ಯಾಬುಗಳು ಮಾತ್ರ ಹಿಂದೆ ಬಿದ್ದಿದ್ದವು. ಒಂದು ಕಡೆ ದಾನವಾಗಿ ಬಂದ ಅನಲೈಜರಿಗೆ ಹೂವಿನ ಬಟ್ಟೆ ಹೊದಿಸಿ ಇಟ್ಟಿದ್ದರು. ರೀಏಜೆಂಟ್ ತೀರಿತ್ತು, ಸರ್ವಿಸ್ ಇಂಜಿನಿಯರ್ ಬೇರೆ ದೇಶದಿಂದ ಬರಬೇಕಿತ್ತು. ಮೆಷಿನ್ ಕೊಡುವವರಿಗೆ ಫೋಟೊ ಸಿಗುತ್ತದೆ, ಕಂಟ್ರೋಲ್ ಸೀರಮಿಗೆ ಪ್ರತಿ ತಿಂಗಳು ದುಡ್ಡು ಕೊಡುವವರಿಗೆ ಸಿಗುವುದಿಲ್ಲ. ಬಡ ದೇಶಗಳ ಲ್ಯಾಬಿನ ಅರ್ಧ ಕತೆ ಇಷ್ಟೇ ಎಂದು ನನಗನಿಸಿದ್ದು ಅಲ್ಲಿಯೇ.

2008ರಲ್ಲಿ ಮೊಜಾಂಬಿಕ್‌ನ ಮಾಪುಟೊದಲ್ಲಿ ಲ್ಯಾಬುಗಳನ್ನು ಬಲಪಡಿಸುವ ಘೋಷಣೆ ಆಯಿತು. ಮರುವರ್ಷ ರುವಾಂಡಾದ ಕಿಗಾಲಿಯಲ್ಲಿ ಸ್ಲಿಮ್ಟಾ ಎಂಬ ತರಬೇತಿ ಶುರುವಾಯಿತು. ಐಎಸ್‌ಒ 15189 ಎಂಬ, ವೈದ್ಯಕೀಯ ಲ್ಯಾಬುಗಳ ಅಂತರರಾಷ್ಟ್ರೀಯ ಗುಣಮಟ್ಟದ ಮಾನ್ಯತೆಗೆ ಒಂದೇ ನೆಗೆತಕ್ಕೆ ಹಾರಲಾಗದ ಲ್ಯಾಬಿಗೆ ಮೆಟ್ಟಿಲು ಮಾಡಿಕೊಟ್ಟರು: ತಪಾಸಣೆಯಲ್ಲಿ ನೂರಕ್ಕೆ 55 ಬಂದರೆ ಒಂದು ನಕ್ಷತ್ರ, 95 ಬಂದರೆ ಐದು. ಅದರ ಪಟ್ಟಿ ಕೈಗೆ ಬಂದಾಗ ನೋಡುತ್ತೇನೆ: ಫ್ರಿಜ್ಜಿನ ಉಷ್ಣತೆ ದಿನಾ ಬರೆದಿದ್ದೀರಾ? ಕಂಟ್ರೋಲ್ ತಪ್ಪಿದಾಗ ಏನು ಮಾಡಿದಿರಿ, ದಾಖಲೆ ಎಲ್ಲಿ? ಹೊರಗಿನಿಂದ ಬಂದ ಸ್ಯಾಂಪಲನ್ನು ರೋಗಿಯ ಸ್ಯಾಂಪಲಿನಂತೆಯೇ ಮಾಡಿದಿರಾ? ನಮ್ಮ ಮೇಡಂ ಕಿಗಾಲಿಗೆ ಹೋದವರಲ್ಲ. ಆದರೆ ಆ ಪಟ್ಟಿಯ ಎಷ್ಟೋ ಸಾಲು ಅವರ ಬಾಯಲ್ಲಿ ಕೇಳಿದ್ದೇ.

ಕ್ಷಯಕ್ಕೆ 2010ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜೀನ್‌ಎಕ್ಸ್‌ಪರ್ಟ್ ಒಪ್ಪಿತು. ಎರಡು ಗಂಟೆಯೊಳಗೆ ರೋಗಾಣುವನ್ನೂ ಕ್ಷಯದ ಮುಖ್ಯ ಔಷಧ ರಿಫಾಂಪಿಸಿನ್ ಅದಕ್ಕೆ ನಾಟುತ್ತದೆಯೇ ಎಂಬುದನ್ನೂ ಹೇಳುವ ಪೆಟ್ಟಿಗೆ. ಮೈಕ್ರೋಸ್ಕೋಪಿನಲ್ಲಿ ಒಂದು ಸ್ಲೈಡಿನ ನೂರು ಫೀಲ್ಡ್ ನೋಡಿ ಕಣ್ಣು ಉರಿಸಿಕೊಂಡವರಿಗೆ ಅದೊಂದು ವರವೇ. ಆದರೂ ಕಫದ ಬದಲು ಎಂಜಲು ಉಗುಳಿ ತಂದರೆ ಆ ಪೆಟ್ಟಿಗೆಯೂ ಕಂಗಾಲು. ಡಬ್ಬಿ ಕೊಡುವಾಗ ರೋಗಿಗೆ ಎರಡು ನಿಮಿಷ ಬಿಡಿಸಿ ಹೇಳುವ ಕೆಲಸವನ್ನು ಇನ್ನೂ ಯಾವ ಕಂಪನಿಯೂ ಮೆಷಿನ್ನಿಗೆ ಕಲಿಸಿಲ್ಲ.

ಈಗಿನ ಮಕ್ಕಳಿಗೆ ಒಂದು ಮಾತು, ಉಪದೇಶವಲ್ಲ, ಸುದ್ದಿ. ನಮ್ಮ ಕಾಲದಲ್ಲಿ ರಿಪೋರ್ಟಿನ ಕೆಳಗೆ ನಮ್ಮ ಹೆಸರಿರುತ್ತಿರಲಿಲ್ಲ, ಮದುವೆ ಮನೆಯಲ್ಲಿ ಕೇಳಿದರೆ "ರಕ್ತ ತೆಗೆಯುವವ" ಅಷ್ಟೇ. 2021ರ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆಯಲ್ಲಿ ಲ್ಯಾಬಿನವರೂ ಸೇರಿದ್ದಾರೆ. ರಾಜ್ಯಕ್ಕೊಂದು ಕೌನ್ಸಿಲು, ಅಲ್ಲೊಂದು ರಿಜಿಸ್ಟರು ಎಂದು ಅದು ಹೇಳುತ್ತದೆ. ಹೆಸರು ನೋಂದಾಯಿಸಲು ಮರೆಯಬೇಡಿ, ಸರ್ಟಿಫಿಕೇಟುಗಳ ಮೂಲ ಪ್ರತಿ ಕಾಲೇಜಿನ ಆಫೀಸಿನಲ್ಲೇ ಬಿಟ್ಟುಹೋದವರಿದ್ದರೆ ಈ ರಜೆಯಲ್ಲೇ ಬಂದು ತೆಗೆದುಕೊಳ್ಳಿ.