ಕಂತಿಗೆ ತನ್ನದೇ ಕಥೆ ಬೇಡವೇ?

ಮೊನ್ನೆ ಹೊಸ ಸರಣಿಯೊಂದನ್ನು ನೋಡಲು ಕುಳಿತೆ. ಮೊದಲ ದೃಶ್ಯದಲ್ಲೇ ನಾಯಕಿ ರಕ್ತ ಮೆತ್ತಿದ ಕೈಗಳಲ್ಲಿ ಕಾಡಿನೊಳಗೆ ಓಡುತ್ತಿದ್ದಳು. ಮರುಕ್ಷಣವೇ ಪರದೆ ಕಪ್ಪಾಗಿ ‘ಮೂರು ವಾರಗಳ ಹಿಂದೆ’ ಎಂಬ ಅಕ್ಷರಗಳು ಮೂಡಿದವು. ಕಥೆ ಆ ಓಟಕ್ಕೆ ಮರಳಿ ಬಂದದ್ದು ಏಳನೆಯ ಕಂತಿನಲ್ಲಿ. ನಡುವೆ ನಡೆದದ್ದನ್ನು ಹೇಳಲು ನಾಲ್ಕು ವಾಕ್ಯ ಸಾಕು.

ಇಂಥದ್ದನ್ನು ‘ಹತ್ತು ಗಂಟೆಯ ಸಿನಿಮಾ’ ಎಂದು ತಯಾರಕರು ಅಭಿಮಾನದಿಂದ ಹೇಳಿಕೊಳ್ಳುವುದುಂಟು. ನನ್ನ ತಕರಾರು ಇರುವುದು ಅಲ್ಲಿಯೇ. ಅಮೆರಿಕದ ವಾಹಿನಿಗಳು ಸೀಸನ್ನಿಗೆ ಸುಮಾರು 22 ಕಂತು ತೋರಿಸುತ್ತಿದ್ದ ಕಾಲದಲ್ಲಿ, ಜಾಹೀರಾತಿನ ವಿರಾಮಕ್ಕೆ ಮುನ್ನ ಕಥೆಯಲ್ಲಿ ಏನಾದರೂ ತಿರುವು ಬರಲೇಬೇಕಿತ್ತು. ಆ ಒತ್ತಾಯವೇ ಪ್ರತಿ ಕಂತಿಗೂ ಒಂದು ತೊಡಕನ್ನೂ ಅದರ ಬಿಡುಗಡೆಯನ್ನೂ ಒದಗಿಸುತ್ತಿತ್ತು. ಈಗ ಎಂಟೇ ಕಂತುಗಳಿದ್ದರೂ ನಡುಭಾಗ ಜೋಲುತ್ತದೆ.

ಅದೇ ಸರಣಿಯಲ್ಲಿ ತಂಗಿ ಅಕ್ಕನ ಬಾಗಿಲು ತಟ್ಟಿ, ‘ನಿನಗೊಂದು ವಿಷಯ ಹೇಳಬೇಕು’ ಎನ್ನುತ್ತಾಳೆ. ಅಷ್ಟರಲ್ಲಿ ಫೋನ್ ಬರುತ್ತದೆ, ‘ಆಮೇಲೆ ಮಾತಾಡೋಣ’ ಎಂದು ಅಕ್ಕ ಹೊರಟುಬಿಡುತ್ತಾಳೆ, ಆ ಒಂದು ಮಾತಿಗಾಗಿ ನಾವು ಮೂರು ಕಂತು ಕಾಯಬೇಕಾಗುತ್ತದೆ. ತಂಗಿಯ ಭಯವೋ ಸ್ವಾರ್ಥವೋ ಅವಳ ಬಾಯಿ ಕಟ್ಟಿದ್ದರೆ ನಾನು ಆರು ಕಂತು ಬೇಕಾದರೂ ಕಾಯುತ್ತಿದ್ದೆ.

ದೋಷವೆಲ್ಲ ಬರೆಯುವವರದೇ ಎಂದು ಹೇಳಲಾರೆ. 2023ರಲ್ಲಿ ಅಮೆರಿಕದ ಚಿತ್ರಕಥೆಗಾರರು 148 ದಿನ ಮುಷ್ಕರ ಹೂಡಿದಾಗ ‘ಮಿನಿ ರೂಮ್’ ಪದ್ಧತಿಯೂ ಅವರ ದೂರುಗಳಲ್ಲಿ ಒಂದಾಗಿತ್ತು: ಕೆಲವೇ ಬರಹಗಾರರನ್ನು ಕೆಲವು ವಾರ ಕೂರಿಸಿ ಬರೆಸಿ, ಚಿತ್ರೀಕರಣಕ್ಕೆ ಮುನ್ನವೇ ಬಿಟ್ಟುಕಳುಹಿಸುವ ಕ್ರಮವದು. ಹೀಗಾದಾಗ, ನಟಿಯ ಬಾಯಲ್ಲಿ ಸಂಭಾಷಣೆ ಕೂರದಿದ್ದರೆ ಅಲ್ಲೇ ತಿದ್ದಿಕೊಡಲು ಬರೆದವರು ಸೆಟ್ಟಿನಲ್ಲಿ ಇರುವುದಿಲ್ಲ.

ಇನ್ನು ಕತ್ತಲೆ. 2019ರಲ್ಲಿ ‘ಗೇಮ್ ಆಫ್ ಥ್ರೋನ್ಸ್’ನ ಯುದ್ಧದ ಕಂತು ಕಾಣುವುದೇ ಇಲ್ಲವೆಂದು ಪ್ರೇಕ್ಷಕರು ದೂರಿದಾಗ, ಜನರಿಗೆ ತಮ್ಮ ಟಿ.ವಿ.ಯನ್ನು ಸರಿಯಾಗಿ ಹೊಂದಿಸಿಕೊಳ್ಳಲು ಬರುವುದಿಲ್ಲವೆಂಬ ಉತ್ತರ ಛಾಯಾಗ್ರಾಹಕರಿಂದ ಬಂತು. ಕತ್ತಲ ಕೋಣೆಯ ದುಬಾರಿ ಮಾನಿಟರಿನಲ್ಲಿ ಚಂದ ಕಂಡ ನೆರಳು, ಅಂತರ್ಜಾಲದಲ್ಲಿ ಕುಗ್ಗಿಸಿ ಕಳುಹಿಸಿದಾಗ ಚೌಕಚೌಕವಾಗಿ ಒಡೆಯುತ್ತದೆ. ಮಾತು ಕೇಳಿಸದಿರುವುದೂ ಇದೇ ಜಾತಿಯ ಅಲಕ್ಷ್ಯ.

ಆ ಸರಣಿಯ ಕೊನೆಯ ಕಂತಿನಲ್ಲಿ ನಾಯಕಿ ಒಂದು ಬಾಗಿಲು ತೆರೆದಳು. ಒಳಗೆ ಯಾರಿದ್ದರೆಂದು ತೋರಿಸದೆ ಪರದೆ ಕಪ್ಪಾಯಿತು. ಮುಂದಿನ ಸೀಸನ್ನಿಗೆ ಎರಡು ವರ್ಷ ಕಾಯಬೇಕಂತೆ. ಅಷ್ಟರೊಳಗೆ ಆ ಅಕ್ಕತಂಗಿಯರ ಜಗಳ ಯಾವುದಕ್ಕಾಗಿತ್ತು ಎಂಬುದೂ ನನ್ನ ಮನಸ್ಸಿನಲ್ಲಿ ಉಳಿದಿರುವುದಿಲ್ಲ.