ಸೂನಿಯನ್ ತುದಿಯ ಗುಡಿ

ಗ್ರೀಕ್ ದೇವಾಲಯ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಪಾರ್ಥೆನಾನ್. ನನಗೆ ಮಾತ್ರ ಸೂನಿಯನ್ ಮೇಲೆ ಜಾಸ್ತಿ ಪ್ರೀತಿ. ಅಥೆನ್ಸ್‌ನಿಂದ ಸುಮಾರು 70 ಕಿ.ಮೀ., ಅಥೆನ್ಸ್ ಸುತ್ತಲಿನ ಆಟಿಕಾ ಪ್ರಾಂತ್ಯದ ದಕ್ಷಿಣ ತುದಿ, ಮೂರು ಕಡೆ ಸಮುದ್ರ, ಕಡಿದಾದ ಬಂಡೆಯ ನೆತ್ತಿಯ ಮೇಲೆ ಸಮುದ್ರದೇವ ಪೊಸೈಡನ್‌ನ ಗುಡಿ. ಈಜಿಯನ್ ಸಮುದ್ರ ದಾಟಿ ಅಥೆನ್ಸ್‌ಗೆ ಬರುವ ಹಡಗಿನವರಿಗೆ ದೂರದಿಂದಲೇ ಬೆಳ್ಳಗೆ ಕಾಣುತ್ತಿತ್ತು. ಊರು ಹತ್ತಿರ ಬಂತು ಅಂತ ಅರ್ಥ.

ಕಂಬಗಳನ್ನು ಸ್ವಲ್ಪ ಹತ್ತಿರದಿಂದ ನೋಡಿ. ಡೋರಿಕ್ ಅನ್ನೋ ಸರಳ ಗ್ರೀಕ್ ಶೈಲಿಯ ಕಂಬಕ್ಕೆ ಸಾಮಾನ್ಯವಾಗಿ ಉದ್ದುದ್ದ 20 ಗೀರುಗಾಲುವೆ ಕೊರೆಯುತ್ತಾರೆ. ಇಲ್ಲಿ ಇರೋದು 16 ಮಾತ್ರ. ಅಮೃತಶಿಲೆ ಅಲ್ಲೇ ಪಕ್ಕದ ಅಗ್ರಿಲೆಜಾ ಗಣಿಯದು, ಉಪ್ಪುಗಾಳಿಗೆ ಅಂಚುಗಳು ಬೇಗ ಸವೆಯದಿರಲಿ ಅಂತಲೇ ಹೀಗೆ ಮಾಡಿರಬೇಕು ಅನ್ನುತ್ತಾರೆ. ನನಗೂ ಅದು ಸರಿ ಅನಿಸುತ್ತದೆ. ಸಮುದ್ರದ ಗುಣ ಬಲ್ಲವರ ಕೆಲಸ ಅಲ್ವಾ!

ಈಗ ನಿಂತಿರೋದು ಕ್ರಿ.ಪೂ. 440ರ ಆಸುಪಾಸಿನ ಕಟ್ಟಡ. ಅದಕ್ಕೂ ಮುಂಚೆ ಇದೇ ಜಾಗದಲ್ಲಿ ಕಟ್ಟುತ್ತಿದ್ದ ಗುಡಿಯನ್ನು ಕ್ರಿ.ಪೂ. 480ರಲ್ಲಿ ದಾಳಿಗೆ ಬಂದ ಪರ್ಷಿಯನ್ನರು ಹಾಳು ಮಾಡಿದ್ದರು. ಅದೇ ವರ್ಷ ಸಲಾಮಿಸ್‌ನ ಸಮುದ್ರಯುದ್ಧದಲ್ಲಿ ಪರ್ಷಿಯನ್ನರನ್ನು ಗೆದ್ದ ಗ್ರೀಕರು, ಅವರ ಕಡೆಯಿಂದ ಹಿಡಿದ ಫಿನೀಷಿಯನ್ ಯುದ್ಧದ ಹಡಗೊಂದನ್ನು ಇಡಿಯಾಗಿ ಸೂನಿಯನ್‌ಗೆ ಹರಕೆ ಒಪ್ಪಿಸಿದರು ಅಂತ ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಇಡೀ ಹಡಗು! ಕೆಳಗಿನ ಕೊಲ್ಲಿಯಲ್ಲಿ ಬಂಡೆ ಕಡಿದು ಮಾಡಿದ ಹಡಗುಕೊಟ್ಟಿಗೆಗಳ ಗುರುತು ಇವತ್ತಿಗೂ ಇದೆ. ಕ್ರಿ.ಪೂ. 412ರ ಹೊತ್ತಿಗೆ ಸ್ಪಾರ್ಟಾ ಜೊತೆಗಿನ ಯುದ್ಧ ಜೋರಾದಾಗ ಅಥೆನ್ಸ್‌ನವರು ಈ ತುದಿಗೆ ಕೋಟೆ ಕಟ್ಟಿಸಿದರು, ಯಾಕೆಂದರೆ ಅವರ ಕಾಳಿನ ಹಡಗುಗಳು ಇದನ್ನು ಸುತ್ತಿಕೊಂಡೇ ಬರಬೇಕಿತ್ತು.